ಇರಬೇಕಾದ ಸದ್ದು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾವು ಅಣ್ಣತಮ್ಮಂದಿರಿಬ್ಬರೂ ಸಂಕೋಚಪಟ್ಟೆವು. ನಮ್ಮಲ್ಲಿ ಹಿರಿಯವನು ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವವನು, ಕಿರಿಯವನು ಶಾಲಾ ಶಿಕ್ಷಕ. ಕಥೆ ಕವಿತೆಗಳನ್ನು ಓದಿ ಸಂತೋಷಪಡುವುದಷ್ಟೇ ನಮಗೆ ಗೊತ್ತು. "ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಬರೆಯಿರಿ, ಇಬ್ಬರೂ ಕೂಡಿ ಬರೆಯಿರಿ" ಎಂದು ಅವರು ಮತ್ತೆ ಒತ್ತಾಯಿಸಿದರು. ಆದ್ದರಿಂದ ಹಳೆಯ ಕಾರೊಂದರ ಎಂಜಿನ್ನಿನಲ್ಲಿ ಕೇಳಿಬಂದ ಒಂದು ಸಣ್ಣ ಸದ್ದಿನ ಕಥೆಯನ್ನು ಇಲ್ಲಿ ಹೇಳುತ್ತಿದ್ದೇವೆ. ಸಾಹಿತ್ಯದ ಹಬ್ಬದಲ್ಲಿ ಗ್ರೀಸು, ಎಣ್ಣೆಯ ಮಾತು ಬಂದದ್ದಕ್ಕೆ ಓದುಗರು ಕ್ಷಮಿಸಬೇಕು.

ನಮ್ಮ ಮನೆ ಫೋಂಡಾ ತಾಲ್ಲೂಕಿನ ಉಸಗಾಂವದಲ್ಲಿ, ಪಣಜಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಿಂದ ದೂರವಲ್ಲ. ತಂದೆಯವರು ಧಾರವಾಡದ ಕಡೆಯಿಂದ 1973ರಲ್ಲಿ ಇಲ್ಲಿಗೆ ಬಂದವರು. ಕಬ್ಬಿಣದ ಅದಿರಿನ ಗಣಿಯೊಂದರ ಕಾರ್ಯಾಗಾರದಲ್ಲಿ ಸಹಾಯಕರಾಗಿ ಸೇರಿ, ಮೇಸ್ತ್ರಿಯಾಗಿ, 2008ರಲ್ಲಿ ನಿವೃತ್ತರಾದರು. ಗೋವೆಯ ಗಣಿಗಳಲ್ಲಿ ದುಡಿದ ಕನ್ನಡಿಗರ ಕಥೆ ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ಲಾರಿಯ ಚಾಲಕರು, ಕ್ಲೀನರುಗಳು, ಬೆಸುಗೆಯವರು, ಅದಿರು ತುಂಬುವವರು ಹೀಗೆ ಎಷ್ಟೋ ಮನೆಗಳ ಅನ್ನ ಈ ಕೆಂಪು ಮಣ್ಣಿನಿಂದಲೇ ಹುಟ್ಟಿತು. ನಮ್ಮದೂ ಅಂಥದೊಂದು ಮನೆ.

ಕಾರ್ಯಾಗಾರದಲ್ಲಿ ತಂದೆಯವರಿಗೆ ಒಂದು ಹೆಸರಿತ್ತು. ಎಂಜಿನ್ನನ್ನು ಬಿಚ್ಚುವ ಮೊದಲು ಅವರು ಅದನ್ನು ಕೇಳುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ "ನಾಲ್ಕನೇ ಸಿಲಿಂಡರು" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ದೋಷ ನಾಲ್ಕನೆಯದರಲ್ಲಿಯೇ ಇರುತ್ತಿತ್ತು. ಬಾಲ್ಯದಲ್ಲಿ ನಾವು ಅವರನ್ನು ಅನುಕರಿಸಿ, ಅಡುಗೆಮನೆಯ ಲಟ್ಟಣಿಗೆಯನ್ನು ಗೋಡೆಗೂ ಕಿವಿಗೂ ಹಚ್ಚಿ ನೆರೆಮನೆಯ ಮಾತು ಕೇಳಲು ಯತ್ನಿಸಿ ತಾಯಿಯಿಂದ ಪೆಟ್ಟು ತಿಂದದ್ದುಂಟು.

2012ರ ಸೆಪ್ಟೆಂಬರಿನಲ್ಲಿ ಗೋವೆಯ ಗಣಿಗಾರಿಕೆ ನಿಂತಿತು. ಆ ದಿನಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಹಗಲಿಡೀ ಸಾಲುಗಟ್ಟಿ ಓಡುತ್ತಿದ್ದ ಅದಿರಿನ ಲಾರಿಗಳು ಅಂಗಳಗಳಲ್ಲಿ, ಮರಗಳ ಕೆಳಗೆ ತುಕ್ಕು ಹಿಡಿಯುತ್ತ ನಿಂತವು. ಲಾರಿಯ ಕಂತು ಕಟ್ಟಬೇಕಾದವರ ಮುಖ ನೋಡಲಾಗುತ್ತಿರಲಿಲ್ಲ. ರಸ್ತೆ ಮೌನವಾಯಿತು. ಬೇಲಿಯ ಎಲೆಗಳು ಎಷ್ಟೋ ವರ್ಷಗಳ ಮೇಲೆ ಹಸುರಾಗಿ ಕಂಡವು. ಆ ಮೌನದಲ್ಲಿಯೇ, ಅಕ್ಟೋಬರಿನ ಒಂದು ಬೆಳಿಗ್ಗೆ, ನಮ್ಮ ಕಾರಿನ ಸದ್ದು ನಮಗೆ ಮೊದಲ ಬಾರಿಗೆ ಕೇಳಿಸಿತು.

ಅದು 1998ರ ಮಾರುತಿ 800. ತಂದೆಯವರು ಅದನ್ನು ಇನ್ನೊಬ್ಬರಿಂದ ಕೊಂಡು ಎಂಟು ವರ್ಷವಾಗಿತ್ತು. 796 ಸಿ.ಸಿ.ಯ ಎಂಜಿನ್ನು, ಮೂರು ಸಿಲಿಂಡರು, ಸಿಲಿಂಡರಿಗೆ ಎರಡರಂತೆ ಆರು ಕವಾಟಗಳು. ಅಂಗಳದಲ್ಲಿ ಚಾಲೂ ಮಾಡಿ ನಿಲ್ಲಿಸಿದಾಗ ಬಾನೆಟ್ಟಿನ ಕೆಳಗಿಂದ 'ಟಿಕ್ ಟಿಕ್ ಟಿಕ್' ಎಂದು ಹೊಲಿಗೆ ಯಂತ್ರದಂಥ ಒಣ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸದ್ದಿನ ವೇಗವೂ ಏರುತ್ತಿತ್ತು. ಅದು ಆ ದಿನವೇ ಹುಟ್ಟಿದ್ದಲ್ಲ, ಲಾರಿಗಳ ಆರ್ಭಟದಲ್ಲಿ ಅಡಗಿತ್ತು ಎಂಬುದು ಈಗ ಯೋಚಿಸಿದರೆ ತಿಳಿಯುತ್ತದೆ.

ಈ ಸದ್ದು ಎಲ್ಲಿಂದ ಬರುತ್ತದೆಂಬುದನ್ನು ಸ್ವಲ್ಪ ಹೇಳಬೇಕು. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಗಾಳಿ ಇಂಧನಗಳನ್ನು ಒಳಗೆ ಬಿಡುವ ಒಂದು ಬಾಗಿಲು, ಸುಟ್ಟ ಹೊಗೆಯನ್ನು ಹೊರಗೆ ಕಳಿಸುವ ಇನ್ನೊಂದು ಬಾಗಿಲು ಇರುತ್ತವೆ. ಇವೇ ಕವಾಟಗಳು, ಮೇಸ್ತ್ರಿಗಳ ಮಾತಿನಲ್ಲಿ ವಾಲ್ವುಗಳು. ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳುಳ್ಳ ಸರಳು ತಿರುಗುತ್ತ, ರಾಕರ್ ಎಂಬ ಏತದಂಥ ತೋಳನ್ನು ತಳ್ಳುತ್ತದೆ. ರಾಕರಿನ ಇನ್ನೊಂದು ತುದಿ ಕವಾಟವನ್ನು ಒತ್ತಿ ತೆರೆಯುತ್ತದೆ, ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಕವಾಟ ಮುಚ್ಚಿರುವಾಗ ರಾಕರಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಅಂತರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಇದು ಸಾಮಾನ್ಯವಾಗಿ 0.1ರಿಂದ 0.3 ಮಿಲಿಮೀಟರು, ಯಾವುದಕ್ಕೆ ಎಷ್ಟೆಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ. ಲೋಹ ಬಿಸಿಯಾದಾಗ ಹಿಗ್ಗುವುದರಿಂದ ಆ ಹಿಗ್ಗುವಿಕೆಗೆ ಬಿಟ್ಟ ಜಾಗ ಅದು. ಅಂತರ ಹೆಚ್ಚಾದರೆ ರಾಕರು ಪ್ರತಿ ಸಲವೂ ದೂರದಿಂದ ಬಂದು ಕವಾಟಕ್ಕೆ ಬಡಿಯುತ್ತದೆ. ಆ ಬಡಿತವೇ ಟಿಕ್ ಎಂಬ ಸದ್ದು.

ಆದರೆ ಟಿಕ್ ಎಂದದ್ದೆಲ್ಲ ಕವಾಟದ ಸದ್ದಲ್ಲ. ತಂದೆಯವರು ಹಿಂದೆ ನಮಗೆ ಕಲಿಸಿದ ಕ್ರಮ ಹೀಗಿತ್ತು. ಮೊದಲು ಎಣ್ಣೆಯ ಕಡ್ಡಿಯನ್ನು ಎಳೆದು ನೋಡಬೇಕು. ಎಣ್ಣೆ ಕಡಿಮೆಯಾಗಿದ್ದರೆ ಅಥವಾ ಹಳತಾಗಿ ಕೊಳೆ ಕಟ್ಟಿದ್ದರೆ, ಎಂಜಿನ್ನಿನ ತಲೆಯವರೆಗೆ ಅದು ಸರಿಯಾಗಿ ಏರದೆ ಎಲ್ಲವೂ ಒಣಗಿ ಬಡಿಯುತ್ತವೆ. ಎರಡನೆಯದಾಗಿ, ಹೊಗೆ ಹೋಗುವ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಬಿರುಕಿದೆಯೇ ನೋಡಬೇಕು. ಅಲ್ಲಿಂದ ಸೋರುವ ಹೊಗೆಯೂ ಟಿಕ್ ಟಿಕ್ ಎನ್ನುತ್ತದೆ, ಆದರೆ ಬಿಸಿಯಾಗಿ ಲೋಹ ಹಿಗ್ಗಿದಂತೆ ಅದು ಎಷ್ಟೋ ಸಲ ತಗ್ಗುತ್ತದೆ. ಸ್ಪಾರ್ಕ್ ಪ್ಲಗ್ಗು ಸಡಿಲವಾಗಿದ್ದರೂ ಇಂಥದೇ ಸದ್ದು. ಕೊನೆಯದಾಗಿ ಸದ್ದಿನ ಲಯವನ್ನು ಗಮನಿಸಬೇಕು. ಕ್ಯಾಮ್‌ಶಾಫ್ಟ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ನಿಂತಲ್ಲಿ ಎಂಜಿನ್ನು ನಿಮಿಷಕ್ಕೆ 850 ಸುತ್ತು ತಿರುಗುತ್ತಿದ್ದರೆ, ಸಡಿಲವಾದ ಒಂದು ಕವಾಟ 425 ಸಲ, ಅಂದರೆ ಸೆಕೆಂಡಿಗೆ ಸುಮಾರು ಏಳು ಸಲ ಬಡಿಯುತ್ತದೆ. ಅದರ ಎರಡು ಪಟ್ಟು ವೇಗದಲ್ಲಿ, ಇನ್ನೂ ಆಳದಿಂದ, ಭಾರವಾದ ಬಡಿತ ಬಂದರೆ ದೋಷ ಕೆಳಗೆ, ಕ್ರ್ಯಾಂಕ್‌ಶಾಫ್ಟಿನ ಕಡೆಗೆ ಇದೆಯೆಂದು ಅರ್ಥ. ಆಗ ಕಾರನ್ನು ಓಡಿಸದೆ ಅಲ್ಲಿಯೇ ನಿಲ್ಲಿಸಬೇಕು.

ಎಣ್ಣೆ ನೋಡಿದೆವು, ಸರಿಯಿತ್ತು. ಪ್ಲಗ್ಗು ಬಿಗಿಯಾಗಿತ್ತು. ಬಿಸಿಯಾದ ಮೇಲೂ ಸದ್ದು ತಗ್ಗಲಿಲ್ಲ. ತಂದೆಯವರನ್ನು ಕರೆದೆವು. ಅವರು ಸ್ಕ್ರೂಡ್ರೈವರನ್ನು ತಂದು, ಎಂದಿನಂತೆ ಕವಾಟಗಳ ಮುಚ್ಚಳದ ಮೇಲೆ ಊರಿ, ಕಿವಿಗೆ ಒತ್ತಿ, ಬಹಳ ಹೊತ್ತು ನಿಂತರು. ಆಮೇಲೆ ಬಾನೆಟ್ಟು ಮುಚ್ಚಿ, "ಏನೂ ಇಲ್ಲ, ಗಡಿಯಾರ ಇದ್ದಂಗ ನಡದೈತಿ" ಎಂದು ಒಳಗೆ ಹೋದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸದ್ದು ಕಾಂಪೌಂಡಿನ ಆಚೆಗೂ ಕೇಳುತ್ತಿತ್ತು. ತಂದೆಯವರಿಗೆ ಈಚೆಗೆ ಯಾವುದರಲ್ಲಿಯೂ ಆಸಕ್ತಿ ಉಳಿದಿಲ್ಲವೆಂದು ನಾವು ಆಗಲೇ ತೀರ್ಮಾನಿಸಿದ್ದೆವು. ಊಟಕ್ಕೆ ಕುಳಿತಾಗ ಮಾತಿಗೆ ಸೇರುತ್ತಿರಲಿಲ್ಲ. ಮೊಮ್ಮಕ್ಕಳು ಏನಾದರೂ ಕೇಳಿದರೆ ನಕ್ಕು ತಲೆಯಾಡಿಸುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ನಿವೃತ್ತಿ, ವಯಸ್ಸು, ಗಣಿ ನಿಂತ ಬೇಸರ ಎಂದು ನಾವೇ ಕಾರಣಗಳನ್ನು ಒದಗಿಸಿಕೊಂಡಿದ್ದೆವು. ಕಾರಿನ ಬಗೆಗೂ ಅದೇ ಉದಾಸೀನ ಎಂದುಕೊಂಡು ಸ್ವಲ್ಪ ಸಿಟ್ಟೂ ಬಂತು.

ಎರಡು ದಿನ ಬಿಟ್ಟು, ಅವರಿಗೆ ಹೇಳದೆ, ಕಾರನ್ನು ಬೇರೊಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಹುಡುಗ ಚುರುಕಾಗಿದ್ದ. ಎಂಜಿನ್ನು ಬಿಸಿಯಾಗಿದ್ದಂತೆಯೇ ಮುಚ್ಚಳ ತೆಗೆದು, ಚಾಲೂ ಮಾಡಿ, ಎಣ್ಣೆ ಸಿಡಿಯುತ್ತಿದ್ದರೂ ಲೆಕ್ಕಿಸದೆ, ರಾಕರಿನ ತಿರುಪುಗಳನ್ನು ಒಂದೊಂದಾಗಿ ಬಿಗಿಮಾಡುತ್ತ ಬಂದ. ಅಳತೆಯ ಪಟ್ಟಿ ಹಿಡಿಯಲಿಲ್ಲ. ಕಿವಿಗೆ ಸದ್ದು ನಿಂತಾಗ ತಿರುಪು ನಿಲ್ಲಿಸಿದ. ಇಪ್ಪತ್ತು ನಿಮಿಷದಲ್ಲಿ ಎಂಜಿನ್ನು ಹೊಸದರಂತೆ ಮೌನವಾಯಿತು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ಹುಡುಗನನ್ನು ಇಂದು ದೂರುವುದಕ್ಕೆ ನಮಗೆ ಬಾಯಿಲ್ಲ. ಸದ್ದು ನಿಲ್ಲಿಸೆಂದು ಕೇಳಿದವರು ನಾವು, ಅವನು ನಿಲ್ಲಿಸಿದ.

ಮುಂದಿನ ವಾರಗಳಲ್ಲಿ ಕಾರು ಬೆಳಿಗ್ಗೆ ಚಾಲೂ ಆಗಲು ಸ್ವಲ್ಪ ತಡೆಯತೊಡಗಿತು. ನಿಂತಲ್ಲಿ ಮೆಲ್ಲಗೆ ನಡುಗುತ್ತಿತ್ತು. ಚಳಿಗಾಲ ಬರುತ್ತಿದೆ ಎಂದುಕೊಂಡೆವು. ಸದ್ದಿಲ್ಲದ ಎಂಜಿನ್ನಿನಲ್ಲಿ ದೋಷವಿರಬಹುದೆಂದು ಯಾರು ಭಾವಿಸುತ್ತಾರೆ?

ದೀಪಾವಳಿ ಮುಗಿದ ವಾರ ಊರಿನಿಂದ ಫೋನು ಬಂತು. ತಂದೆಯವರ ಅಕ್ಕ, ನಮ್ಮ ಸೋದರತ್ತೆ, ಹಾಸಿಗೆ ಹಿಡಿದಿದ್ದರು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವರು ಅವರು. ಮರುದಿನ ನಸುಕಿನಲ್ಲಿ ತಂದೆತಾಯಿಯರನ್ನು ಕೂರಿಸಿಕೊಂಡು ಹೊರಟೆವು. ಮೊಲೆಂ ದಾಟಿ ಅನಮೋಡ ಘಟ್ಟ, ರಾಮನಗರ, ಅಳ್ನಾವರ, ಧಾರವಾಡ, ಇದು ನಮಗೆ ಕಣ್ಣುಮುಚ್ಚಿ ಹೋಗಬಲ್ಲ ದಾರಿ. ನಾಲ್ವರು ಮತ್ತು ಸಾಮಾನು. ಘಟ್ಟದ ಏರು ಆರಂಭವಾಗಿ ಅರ್ಧ ದಾರಿ ಹೋಗುವಷ್ಟರಲ್ಲಿ ಕಾರು ಉಸಿರು ಬಿಟ್ಟಿತು. ಎರಡನೆಯ ಗೇರಿನಲ್ಲಿಯೂ ಎಳೆಯಲಿಲ್ಲ. ಎಂಜಿನ್ನು ಗಡಗಡ ನಡುಗಿತು. ಒಂದು ತಿರುವಿನಲ್ಲಿ ಬದಿಗೆ ನಿಲ್ಲಿಸಿದೆವು.

ತಂದೆಯವರು ಇಳಿದು ಬಾನೆಟ್ಟು ತೆಗೆದರು. ಎಡ ಅಂಗೈಯನ್ನು ಎಂಜಿನ್ನಿನ ಬದಿಯ ತಗಡಿನ ಮೇಲೆ ಊರಿದರು. ಬಲಗೈಗೆ ದಪ್ಪನೆಯ ಒಣ ಬಟ್ಟೆ ಸುತ್ತಿಕೊಂಡು ಒಂದನೆಯ ಪ್ಲಗ್ಗಿನ ತಂತಿಯನ್ನು ಕಿತ್ತರು. ನಡುಕ ಹೆಚ್ಚಾಯಿತು, ಎಂಜಿನ್ನು ನಿಲ್ಲುವಂತಾಯಿತು. ಅದನ್ನು ಮರಳಿ ಹಾಕಿ ಎರಡನೆಯದನ್ನು ಕಿತ್ತರು, ಹಾಗೆಯೇ ಆಯಿತು. ಮೂರನೆಯದನ್ನು ಕಿತ್ತಾಗ ಏನೂ ವ್ಯತ್ಯಾಸವಾಗಲಿಲ್ಲ. ಮೂರನೆಯ ಸಿಲಿಂಡರು ಕೆಲಸವನ್ನೇ ಮಾಡುತ್ತಿರಲಿಲ್ಲ. "ಇದು ಸತ್ತೈತಿ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಟ್ಯಾಪೆಟ್ ಯಾರು ಮುಟ್ಟಿದ್ರು?" ಎಂದು ಕೇಳಿದರು. ನಾವು ಹೇಳಬೇಕಾಯಿತು. ಅವರು ಬೈಯಲಿಲ್ಲ.

ಕಿರಿಯವನು ಆಗಲೇ ಒಂದು ಸಂಗತಿಯನ್ನು ಗಮನಿಸಿದ್ದ. ಇಡೀ ಪರೀಕ್ಷೆಯಲ್ಲಿ ತಂದೆಯವರು ಒಮ್ಮೆಯೂ ಎಂಜಿನ್ನಿನ ಕಡೆಗೆ ಕಿವಿಗೊಡಲಿಲ್ಲ. ಎಲ್ಲವನ್ನೂ ಅಂಗೈಯಿಂದಲೇ ತಿಳಿದುಕೊಂಡರು.

ಕಾರನ್ನು ತಿರುಗಿಸಿ ನಿಧಾನವಾಗಿ ಘಟ್ಟ ಇಳಿದು ಮನೆಗೆ ಬಂದೆವು. ಮರುದಿನ ಬಸ್ಸಿನಲ್ಲಿ ಎಲ್ಲರೂ ಊರಿಗೆ ಹೋದೆವು. ಅತ್ತೆಯವರಿಗೆ ಪ್ರಜ್ಞೆಯಿತ್ತು, ದನಿ ಮಾತ್ರ ಸೋತಿತ್ತು. ಅಕ್ಕತಮ್ಮಂದಿರನ್ನು ಅವರ ಪಾಡಿಗೆ ಬಿಟ್ಟು ನಾವು ಪಡಸಾಲೆಯಲ್ಲಿ ಕುಳಿತೆವು. ಅರ್ಧ ಗಂಟೆಯ ಮೇಲೆ ತಂದೆಯವರು ಹೊರಗೆ ಬಂದರು. "ಅತ್ತೆ ಮಾತಾಡಿದರೇ?" ಎಂದು ಕೇಳಿದೆವು. "ಹೂಂ, ಮಾತಾಡಿದಳು" ಎಂದರು. "ಏನಂದರು?" ಎಂದು ಕೇಳಿದಾಗ ಅವರು ಅಂಗಳದ ಕಡೆ ನೋಡಿದರು. ಬಹಳ ಹೊತ್ತಿನ ಮೇಲೆ, "ತುಟಿ ಅಲುಗಿದವು" ಎಂದರು. ಅಷ್ಟೇ.

ಆ ರಾತ್ರಿ ತಾಯಿ ನಮ್ಮಿಬ್ಬರನ್ನು ಹಿತ್ತಲಿಗೆ ಕರೆದು ಹೇಳಿದರು. ಎರಡು ವರ್ಷದಿಂದ ಅವರಿಗೆ ಮಾತು ಸರಿಯಾಗಿ ಕೇಳಿಸುತ್ತಿಲ್ಲ. ದನಿ ಕೇಳುತ್ತದೆ, ಶಬ್ದ ತಿಳಿಯುವುದಿಲ್ಲ. ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಯಾರಿಗೂ ಹೇಳಬಾರದೆಂದು ತಾಯಿಯಿಂದ ಮಾತು ತೆಗೆದುಕೊಂಡಿದ್ದರು. ಕಿವಿಯಿಂದ ಹೆಸರು ಗಳಿಸಿದ ಮೇಸ್ತ್ರಿ ಕಿವುಡನಾದನೆಂದು ಜನ ನಕ್ಕಾರು ಎಂಬ ಅಂಜಿಕೆ. ಅಂಗಳದಲ್ಲಿ ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿ ಅಷ್ಟು ಹೊತ್ತು ನಿಂತದ್ದು ಏಕೆಂದು ನಮಗೆ ಆಗ ತಿಳಿಯಿತು. ಅವರು ಕೇಳಲು ಯತ್ನಿಸುತ್ತಿದ್ದರು. ನಾವು ಅದನ್ನು ಉದಾಸೀನವೆಂದು ಎಣಿಸಿದ್ದೆವು.

ಉಸಗಾಂವಕ್ಕೆ ಮರಳಿದ ಮೇಲೆ ಎಂಜಿನ್ನಿನ ಕೆಲಸವನ್ನು ತಂದೆಯವರೇ ಕೈಗೆತ್ತಿಕೊಂಡರು. ನಾವು ಆಳುಗಳಂತೆ ನಿಂತೆವು. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನ ಮುಚ್ಚಳವನ್ನು ಬೆಳಿಗ್ಗೆ ತೆಗೆದರು. ಕವಾಟ ಪೂರ್ಣವಾಗಿ ಮುಚ್ಚಿರಬೇಕಾದ ಸ್ಥಿತಿಗೆ ಎಂಜಿನ್ನನ್ನು ತಿರುಗಿಸಿ, ರಾಕರನ್ನು ಬೆರಳಿನಿಂದ ಅಲುಗಿಸಿ ನೋಡಲು ಹೇಳಿದರು. ಅಂತರವಿದ್ದರೆ ಅದು ಬೆರಳಿಗೆ ತುಸು ಅಲುಗಬೇಕು. ಆರರಲ್ಲಿ ನಾಲ್ಕು ಅಲುಗಲಿಲ್ಲ. ಮೂರನೆಯ ಸಿಲಿಂಡರಿನ ಹೊಗೆಯ ಕವಾಟವಂತೂ ಕಲ್ಲಿನಂತೆ ಬಿಗಿದಿತ್ತು. ತಲೆಯ ಭಾಗವನ್ನು ಬಿಚ್ಚಿ ಆ ಕವಾಟವನ್ನು ಹೊರತೆಗೆದಾಗ, ಅದರ ದುಂಡನೆಯ ಅಂಚಿನಲ್ಲಿ ಅಕ್ಕಿಯ ನುಚ್ಚಿನಷ್ಟು ಭಾಗ ಸುಟ್ಟು ಕರಗಿಹೋಗಿತ್ತು.

ತಂದೆಯವರು ಅದನ್ನು ಅಂಗೈಯಲ್ಲಿಟ್ಟು ನಮಗೆ ವಿವರಿಸಿದರು. ಹೊಗೆಯ ಕವಾಟ ಬೆಂಕಿಯ ಬಾಯಲ್ಲಿ ನಿಲ್ಲುವಂಥದು. ಘಟ್ಟದ ಏರಿನಂಥ ಭಾರದ ಕೆಲಸದಲ್ಲಿ ಅದು ಕೆಂಪಗೆ ಕಾಯುವಷ್ಟು ಬಿಸಿಯಾಗುತ್ತದೆ. ಆ ಬಿಸಿಯ ಬಹುಪಾಲನ್ನು ಅದು ಕಳೆದುಕೊಳ್ಳುವುದು ಮುಚ್ಚಿದಾಗ, ತನ್ನ ಪೀಠಕ್ಕೆ ಒತ್ತಿ ಕುಳಿತ ಆ ಕ್ಷಣಗಳಲ್ಲಿ. ಅಂತರವಿಲ್ಲದೆ ಬಿಗಿದರೆ, ಕಾದು ಉದ್ದವಾದ ಕವಾಟ ಪೀಠದ ಮೇಲೆ ಕುಳಿತುಕೊಳ್ಳಲಾರದು. ಸಂದಿಯಿಂದ ಬೆಂಕಿ ನುಗ್ಗುತ್ತದೆ, ಬಿಸಿ ಇಳಿಯುವುದಿಲ್ಲ, ಅಂಚು ಸುಡುತ್ತದೆ. ಇಷ್ಟೆಲ್ಲ ನಡೆಯುವಾಗ ಒಂದು ಸದ್ದೂ ಬರುವುದಿಲ್ಲ. ಹೆಚ್ಚು ಅಂತರವಿದ್ದ ಕವಾಟ ಬಡಿದುಕೊಂಡು ಗೋಳಾಡುತ್ತದೆ. ಸವೆಯುತ್ತದೆ, ಆದರೆ ಅದಕ್ಕೆ ಕಾಲ ಬೇಕು. ಅಂತರವಿಲ್ಲದ್ದು ಮೌನವಾಗಿ ಸುಟ್ಟುಹೋಗುತ್ತದೆ.

ಎಂಜಿನ್ನಿನ ಮುಪ್ಪಿನಲ್ಲಿಯೂ ಈ ಎರಡು ಬಗೆಗಳಿವೆಯೆಂದು ಅವರು ಹೇಳಿದರು. ರಾಕರಿನ ತುದಿ, ಕ್ಯಾಮಿನ ಉಬ್ಬು ಸವೆದರೆ ಅಂತರ ಬೆಳೆಯುತ್ತದೆ, ಎಲ್ಲರಿಗೂ ಕೇಳಿಸುತ್ತದೆ. ಕವಾಟದ ಪೀಠ ಸವೆದರೆ ಕವಾಟ ಒಳಕ್ಕೆ ಇಳಿದು ಅಂತರ ಕಿರಿದಾಗುತ್ತದೆ, ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಒಳ್ಳೆಯ ಮೇಸ್ತ್ರಿ ಸದ್ದು ಬಂದಾಗ ಮಾತ್ರವಲ್ಲ, ಇಷ್ಟು ಸಾವಿರ ಕಿಲೋಮೀಟರಿಗೆ ಒಮ್ಮೆ ಎಂದು ನಿಯಮ ಇಟ್ಟುಕೊಂಡು ಅಳೆದು ನೋಡುತ್ತಾನೆ. "ಕಿವಿ ಸುಳ್ಳು ಹೇಳತೈತಿ. ಗೇಜು ಹೇಳೂದಿಲ್ಲ" ಎಂದರು. ಆ ಮಾತು ಆಡಿದ ಮೇಲೆ ನಮ್ಮ ಮುಖ ನೋಡಿದರು. ನಮಗೆ ತಿಳಿದುಹೋಗಿದೆಯೆಂಬುದು ಅವರಿಗೂ ತಿಳಿಯಿತು.

ಹೊಸ ಕವಾಟ ತಂದು, ಪೀಠಕ್ಕೆ ಅರೆದು ಕೂರಿಸಿ, ತಲೆಯ ಗ್ಯಾಸ್ಕೆಟ್ಟು ಬದಲಿಸಿ ಎಲ್ಲವನ್ನೂ ಜೋಡಿಸಿದ ಮೇಲೆ, ಆರೂ ಕವಾಟಗಳ ಅಂತರವನ್ನು ಫೀಲರ್ ಗೇಜಿನಿಂದ ಸರಿಪಡಿಸಿದೆವು. ಇದು ವಿವಿಧ ದಪ್ಪದ ತೆಳು ಉಕ್ಕಿನ ಪಟ್ಟಿಗಳ ಒಂದು ಗೊಂಚಲು; ಪ್ರತಿ ಪಟ್ಟಿಯ ಮೇಲೆ ಅದರ ದಪ್ಪ ಕೊರೆದಿರುತ್ತದೆ. ಕೈಪಿಡಿ ಹೇಳಿದ ದಪ್ಪದ ಪಟ್ಟಿಯನ್ನು ರಾಕರಿಗೂ ಕವಾಟದ ತುದಿಗೂ ನಡುವೆ ತೂರಿಸಿ, ಅದು ಮೆಲ್ಲನೆಯ ಹಿಡಿತದೊಂದಿಗೆ ಜಾರುವವರೆಗೆ ತಿರುಪನ್ನು ತಿರುಗಿಸಿ ಬಿಗಿಮಾಡಬೇಕು. ತಣ್ಣಗಿರುವಾಗಿನ ಅಳತೆ ಬೇರೆ, ಬಿಸಿಯಿರುವಾಗಿನದು ಬೇರೆ. ಒಂದನ್ನು ಇನ್ನೊಂದಕ್ಕೆ ಬಳಸಬಾರದು. ಹಿಡಿತ ಎಷ್ಟಿರಬೇಕೆಂಬುದನ್ನು ತಂದೆಯವರು ನಮ್ಮ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನಿಟ್ಟು ಕಲಿಸಿದರು. ಬಾಲ್ಯದಲ್ಲಿ ಅಕ್ಷರ ತಿದ್ದಿಸಿದ ಮೇಲೆ ಅವರು ನಮ್ಮ ಕೈ ಹಿಡಿದದ್ದು ಆಗಲೇ.

ಕಾರಿನ ಕೆಲಸ ಮುಗಿದ ಸಂಜೆ ತಾಯಿ ಒಂದು ಉಪಾಯ ಮಾಡಿದರು. ಅವರ ಬೆನ್ನ ಹಿಂದೆ ನಿಂತು, ಸಹಜ ದನಿಯಲ್ಲಿ, "ಕಾಲು" ಎಂದರು. ಆಮೇಲೆ "ಸಾಲು" ಎಂದರು, "ಪಾಲು" ಎಂದರು, "ಹಾಲು" ಎಂದರು. ನಾಲ್ಕಕ್ಕೂ ತಂದೆಯವರು "ಹಾಲು" ಎಂದೇ ಉತ್ತರಿಸಿದರು. ಮೊಮ್ಮಗಳು ಕಿಲಕಿಲ ನಕ್ಕಳು. ಅವರೂ ನಕ್ಕರು. ಆ ನಗೆಯ ನಂತರ ಆಸ್ಪತ್ರೆಯ ಮಾತು ಎತ್ತುವುದು ಸುಲಭವಾಯಿತು.

ಡಿಸೆಂಬರಿನಲ್ಲಿ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆವು. ಸದ್ದು ತೂರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಒಂದೊಂದೇ ಸ್ವರ ಕೇಳಿಸಿ, ಅದರ ಫಲವನ್ನು ಗೆರೆಯಾಗಿ ಬರೆದು ತೋರಿಸಿದರು. ತಗ್ಗು ಸ್ವರಗಳಲ್ಲಿ ಗೆರೆ ಹೆಚ್ಚುಕಡಿಮೆ ಮೇಲೆಯೇ ಇತ್ತು. 4000 ಹರ್ಟ್ಸ್ ಹತ್ತಿರ ಬಂದಾಗ ಬಾವಿಗೆ ಬಿದ್ದಂತೆ ಕೆಳಕ್ಕೆ ಇಳಿದಿತ್ತು. ದೀರ್ಘಕಾಲ ಭಾರೀ ಯಂತ್ರಗಳ ಗದ್ದಲದಲ್ಲಿ ದುಡಿದವರ ಕಿವಿಯ ಗುರುತೇ ಅದು ಎಂದು ವೈದ್ಯರು ಹೇಳಿದರು. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಗದ್ದಲಕ್ಕೆ ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. 'ಅ', 'ಆ', 'ಊ' ಮುಂತಾದ ಸ್ವರಗಳ ಬಲ ತಗ್ಗು ಕಂಪನಗಳಲ್ಲಿದೆ, ಆದ್ದರಿಂದ ದನಿ ಕೇಳಿಸುತ್ತದೆ. 'ಸ', 'ಶ', 'ತ', 'ಕ' ಮೊದಲಾದ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿದೆ, ಆದ್ದರಿಂದ ಮಾತು ತಿಳಿಯುವುದಿಲ್ಲ. ಒಣ, ಮೊನಚಾದ ಟಿಕ್ ಸದ್ದಿನ ತೀಕ್ಷ್ಣತೆಯೂ ಅಲ್ಲಿಯೇ ಇದೆ. ಲಾರಿಯ ಗುಡುಗು ಕೇಳುವ ಕಿವಿಗೆ ಟ್ಯಾಪೆಟ್ಟು ಕೇಳದಿರುವುದು ಹೀಗೆ.

ಎಂಟು ಗಂಟೆಗಳ ಕೆಲಸದಲ್ಲಿ ಗದ್ದಲ 90 ಡೆಸಿಬಲ್ ಮೀರಬಾರದೆಂಬ ಮಿತಿ ನಮ್ಮ ದೇಶದಲ್ಲಿದೆ. ತಂದೆಯವರ ಕಾಲದ ಕಾರ್ಯಾಗಾರಗಳಲ್ಲಿ ಅದನ್ನು ಅಳೆದವರನ್ನು ಅವರು ಕಂಡಿರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡರೆ ಎಂಜಿನ್ನಿನ ದೋಷ ಕೇಳಿಸದೆಂದು ಅವರು ಅದನ್ನೂ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಯಾವ ಕಿವಿಯಿಂದ ನಮ್ಮ ಶಾಲೆಯ ಶುಲ್ಕ ಬಂದಿತ್ತೋ ಆ ಕಿವಿಯೇ ಅದರ ಬೆಲೆ ತೆತ್ತಿತ್ತು.

ಶ್ರವಣ ಸಾಧನ ಹಾಕಿಕೊಂಡ ಮೊದಲ ವಾರ ಅವರಿಗೆ ಹಿಂಸೆಯಾಯಿತು. ಕುಕ್ಕರಿನ ಸೀಟಿಗೆ ಬೆಚ್ಚಿಬೀಳುತ್ತಿದ್ದರು. ಪ್ಲಾಸ್ಟಿಕ್ ಚೀಲದ ಸರಪರ ಸದ್ದನ್ನು ಸಹಿಸಲಾರದೆ ಸಾಧನವನ್ನು ಕಿತ್ತಿಡುತ್ತಿದ್ದರು. ತಾಯಿ ಬಿಡದೆ ಮರಳಿ ಹಾಕಿಸುತ್ತಿದ್ದರು. ಒಂದು ಬೆಳಿಗ್ಗೆ ಅವರಾಗಿಯೇ ಅಂಗಳಕ್ಕೆ ಬಂದು ಕಾರು ಚಾಲೂ ಮಾಡೆಂದರು. ಬಾನೆಟ್ಟು ತೆಗೆದು, ಸ್ಕ್ರೂಡ್ರೈವರಿಲ್ಲದೆ, ಸುಮ್ಮನೆ ಬಾಗಿ ನಿಂತರು. ಎಂಜಿನ್ನು ಬೆಚ್ಚಗಾಗುತ್ತ ಬಂದಂತೆ, ಬಹಳ ಮೆಲ್ಲಗೆ, ಸಮವಾಗಿ, ಟಿಕ್ ಟಿಕ್ ಎಂಬ ಸದ್ದು. ಮೊದಲಿನ ಬಡಿತವಲ್ಲ, ಕಿವಿಗೊಟ್ಟರೆ ಮಾತ್ರ ಕೇಳುವಂಥದು. ಮತ್ತೆ ಕೆಟ್ಟಿತೇ ಎಂದು ನಾವು ಗಾಬರಿಗೊಂಡು ಅವರ ಮುಖ ನೋಡಿದೆವು.

"ಕೇಳಸ್ತೈತಿ" ಎಂದರು. "ಇದು ಇರಬೇಕಾದ ಸದ್ದು."

2013ರ ಸಂಕ್ರಾಂತಿಯ ಮುನ್ನಾದಿನ ಅದೇ ಕಾರಿನಲ್ಲಿ ಅದೇ ನಾಲ್ವರು ಅನಮೋಡ ಘಟ್ಟ ಏರಿದೆವು. ಕಾರು ಎಲ್ಲಿಯೂ ತಡೆಯಲಿಲ್ಲ. ಅತ್ತೆಯವರು ಎದ್ದು ಕೂರುವಷ್ಟು ಚೇತರಿಸಿಕೊಂಡಿದ್ದರು, ದನಿ ಮಾತ್ರ ಇನ್ನೂ ಬತ್ತಿದ ಹಾಗೆಯೇ ಇತ್ತು. ಈ ಸಲ ನಾವೂ ಕೋಣೆಯಲ್ಲಿದ್ದೆವು. ತಂದೆಯವರು ಹಾಸಿಗೆಯ ಬಳಿ ಸ್ಟೂಲಿನ ಮೇಲೆ ಕುಳಿತರು. ಅತ್ತೆಯವರು ಅವರ ಕಿವಿಯ ಹಿಂದಿನ ಸಾಧನವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಅವರ ತುಟಿ ಅಲುಗಿದವು.

ತಂದೆಯವರು ನಮ್ಮ ಕಡೆ ತಿರುಗಿದರು. ಮುಖ ಅರಳಿತ್ತು, ಕಣ್ಣು ತುಂಬಿತ್ತು.

"ಉಂಡೇನೋ ಅಂತ ಕೇಳಾಕತ್ಯಾಳ" ಎಂದರು.

ಆಗ ಬೆಳಿಗ್ಗೆ ಹತ್ತೂವರೆ. ಅವರು ಅಕ್ಕನ ಕಡೆ ತಿರುಗಿ, "ಇಲ್ಲಬೇ, ಇನ್ನಾ ಉಂಡಿಲ್ಲ" ಎಂದರು. ದಾರಿಯಲ್ಲಿ ರಾಮನಗರದಲ್ಲಿ ಹೊಟ್ಟೆ ತುಂಬ ಇಡ್ಲಿ ತಿಂದದ್ದನ್ನು ನಾವು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಈಗಿನ ಎಷ್ಟೋ ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದ ಅಂತರವನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ಟುಗಳಿವೆ. ಅವುಗಳಲ್ಲಿ ಟಿಕ್ ಸದ್ದು ನಿಲ್ಲದೆ ಬಂದರೆ ಮೊದಲು ಎಣ್ಣೆಯನ್ನೇ ನೋಡಬೇಕು. ಹಳೆಯ ಬಗೆಯ ಕಾರು ಇಟ್ಟುಕೊಂಡವರು ಮೇಸ್ತ್ರಿಯ ಬಳಿ ಹೋದಾಗ "ಸದ್ದು ನಿಲ್ಲಿಸಿ" ಎನ್ನದೆ "ಅಂತರ ಅಳೆದು ಹೇಳಿ" ಎನ್ನಬೇಕು. ನಮ್ಮ ಸಂಘದ ಮನೆಗಳಲ್ಲಿ ಗಣಿಯಲ್ಲಿ, ಬಂದರಿನಲ್ಲಿ, ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಬಹಳ ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಈಚೆಗೆ ಮಾತು ಕಡಿಮೆ ಮಾಡಿದ್ದರೆ, ಅವರ ಬೆನ್ನ ಹಿಂದೆ ನಿಂತು ಒಮ್ಮೆ ಮೆಲ್ಲಗೆ "ಕಾಲು, ಸಾಲು, ಪಾಲು, ಹಾಲು" ಎಂದು ಹೇಳಿ ನೋಡಿರಿ.